ಠಾಣೆಯ ಫೋಟೊ ಅಂಗಡಿಗೆ ಬಂತು

1880ರ ದಶಕ, ಪ್ಯಾರಿಸ್. ಪೊಲೀಸ್ ಕಚೇರಿಯ ಗುಮಾಸ್ತ ಆಲ್ಫೋನ್ಸ್ ಬರ್ಟಿಯೋಂಗೆ ಒಂದೇ ತಲೆನೋವು: ಹಳೇ ಕಳ್ಳ ಹೊಸ ಹೆಸರು ಹೇಳಿಕೊಂಡು ಬಂದರೆ ಗುರುತು ಹಿಡಿಯುವುದು ಹೇಗೆ? ಫೋಟೊಗಳೇನೋ ಇದ್ದವು, ಆದರೆ ಒಬ್ಬೊಬ್ಬರು ಒಂದೊಂದು ಥರ ತೆಗೆದಂಥವು. ಅವನು ಕುರ್ಚಿಯ ಜಾಗ, ಕ್ಯಾಮೆರಾದ ದೂರ, ಬೆಳಕು ಬೀಳುವ ಬಗೆ ಎಲ್ಲವನ್ನೂ ಗೊತ್ತುಮಾಡಿದ. ಎದುರಿನಿಂದ ಒಂದು, ಪಕ್ಕದಿಂದ ಒಂದು. ಜತೆಗೆ ತಲೆ, ಕಿವಿ, ಪಾದಗಳ ಅಳತೆ ಬರೆದ ಚೀಟಿ. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಬ್ಯೂರೊ ತೆರೆಯಿತು. ಬೆರಳಚ್ಚು ಗೆದ್ದ ಮೇಲೆ ಅಳತೆಯ ವಿದ್ಯೆ ಮೂಲೆಗೆ ಬಿತ್ತು. ಫೋಟೊ ಮಾತ್ರ ಉಳಿದುಕೊಂಡಿತು.

ಅಮೆರಿಕದವರು ಅದಕ್ಕೆ ಮಗ್‌ಶಾಟ್ ಎನ್ನುತ್ತಾರೆ. ಅಲ್ಲಿ ಅದನ್ನು ನೋಡುವ ಚಪಲವೂ ಹಳೆಯದೇ. 1886ರಲ್ಲಿ ನ್ಯೂಯಾರ್ಕ್ ಪತ್ತೇದಾರಿ ವಿಭಾಗದ ಮುಖ್ಯಸ್ಥ ಥಾಮಸ್ ಬರ್ನ್ಸ್ ಜೇಬುಗಳ್ಳರ, ಬ್ಯಾಂಕ್ ಕಳ್ಳರ ಫೋಟೊಗಳನ್ನು ಪುಸ್ತಕವಾಗಿಯೇ ಅಚ್ಚು ಹಾಕಿಸಿದ್ದ.

ಆದರೆ ಬಂಧನದ ದಾಖಲೆ ಎಲ್ಲರಿಗೂ ಸಿಗಬೇಕೆಂಬ ವಾದದ ಹಿಂದೆ ಇದ್ದದ್ದು ಚಪಲವಲ್ಲ, ಭಯ. ಪೊಲೀಸರು ಯಾರನ್ನೋ ಎತ್ತಿಕೊಂಡು ಹೋಗಿ ಸದ್ದಿಲ್ಲದೆ ಕೂಡಿಹಾಕಿದರೆ ಕೇಳುವವರು ಯಾರು? ಯಾರನ್ನು ಹಿಡಿದರು, ಯಾವ ಆರೋಪಕ್ಕೆ ಎಂಬುದು ಬಹಿರಂಗವಾಗಿದ್ದರೆ ಮನೆಯವರೂ ವಕೀಲರೂ ಪತ್ರಕರ್ತರೂ ಕೇಳಬಹುದು. ಫ್ಲೋರಿಡಾ ರಾಜ್ಯವಂತೂ 1909ರಲ್ಲೇ ಸರ್ಕಾರಿ ದಾಖಲೆಗಳನ್ನು ಜನರಿಗೆ ತೆರೆದಿಟ್ಟಿತು. ಕಾಯ್ದೆಯ ಕಣ್ಣು ಇದ್ದದ್ದು ಪೊಲೀಸರ ಮೇಲೆ.

ತೆರೆದಿದ್ದರೂ ನೋಡಲು ಕಷ್ಟಪಡಬೇಕಿತ್ತು. ಜಿಲ್ಲೆಯ ಶೆರಿಫ್ ಕಚೇರಿಗೆ ಹೋಗಬೇಕು, ಕಿಟಕಿ ಮುಂದೆ ನಿಲ್ಲಬೇಕು, ಹೆಸರು ಹೇಳಿ ಕಡತ ತೆಗೆಸಬೇಕು. ಪಕ್ಕದ ಮನೆಯವನ ಹತ್ತು ವರ್ಷ ಹಿಂದಿನ ಕುಡಿತದ ಕೇಸಿಗಾಗಿ ಅಷ್ಟು ಪಾಡು ಯಾರು ಪಡುತ್ತಾರೆ? ಕಾನೂನಿನಲ್ಲಿ ಇಲ್ಲದ ರಕ್ಷಣೆ ಜನರ ಸೋಮಾರಿತನದಲ್ಲಿ ಇತ್ತು. ಇದನ್ನು ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಗುರುತಿಸಿತು: ಊರೂರಿನ ಕಡತಗಳಲ್ಲಿ ಚೆದುರಿಹೋಗಿರುವ ಮಾಹಿತಿಯೇ ಬೇರೆ, ಒಬ್ಬನ ಬಗ್ಗೆ ಎಲ್ಲವನ್ನೂ ಒಂದೇ ಕಡೆ ಕಲೆಹಾಕಿದ ಪಟ್ಟಿಯೇ ಬೇರೆ ಎಂದು 1989ರ ತೀರ್ಪೊಂದರಲ್ಲಿ ಹೇಳಿತು.

ಶೆರಿಫ್ ಕಚೇರಿಗಳು ವೆಬ್‌ಸೈಟ್ ಮಾಡಿಕೊಂಡು ಬಂಧಿತರ ಪಟ್ಟಿಯನ್ನು ತಾವೇ ಹಾಕತೊಡಗಿದಾಗ ಆ ಕಿಟಕಿಯೇ ಇಲ್ಲವಾಯಿತು. 2010ರ ಆಸುಪಾಸಿನಲ್ಲಿ ಕೆಲವರಿಗೆ ಇದರಲ್ಲಿ ದುಡ್ಡು ಕಾಣಿಸಿತು. ಕೆಲಸ ಬಹಳ ಸುಲಭ. ಒಂದು ಪ್ರೋಗ್ರಾಂ ಆ ಪಟ್ಟಿಗಳನ್ನು ಜಾಲಾಡಿ ಫೋಟೊ, ಹೆಸರು, ವಯಸ್ಸು, ಆರೋಪ ಎಲ್ಲವನ್ನೂ ಎತ್ತಿಕೊಂಡು ಬರುತ್ತದೆ. ಪ್ರತಿಯೊಬ್ಬರಿಗೂ ಒಂದು ಪುಟ. ಆ ಪುಟದ ತಲೆಬರಹವೇ ಆ ವ್ಯಕ್ತಿಯ ಹೆಸರು. ಹಾಗಾಗಿ ಕೆಲಸ ಕೊಡುವವರೋ ಮನೆ ಬಾಡಿಗೆಗೆ ಕೊಡುವವರೋ ಗೂಗಲ್‌ನಲ್ಲಿ ಹೆಸರು ಹಾಕಿದರೆ ಕೆದರಿದ ಕೂದಲಿನ, ನಿದ್ದೆಗೆಟ್ಟ ಆ ಮುಖವೇ ಮೊದಲು ಎದುರಾಗುತ್ತದೆ. ಕೇಸು ಬಿದ್ದುಹೋದ ಸುದ್ದಿ ಅಲ್ಲಿಗೆ ಬರುವುದೇ ಇಲ್ಲ. ತೆಗೆಸಬೇಕೆ? ನೂರಾರು ಡಾಲರ್ ಕೊಡಿ. ಕೊಟ್ಟು ತೆಗೆಸಿದರೆ ಅದೇ ಫೋಟೊ ಇನ್ನೊಂದು ಸೈಟಿನಲ್ಲಿ ಹಾಜರು. ಹಾಕುವುದೂ ತೆಗೆಯುವುದೂ ಎರಡೂ ವ್ಯಾಪಾರವೇ; ನನಗೆ ಕಾಣುವಂತೆ ಇದು ಶುದ್ಧ ಸುಲಿಗೆ.

2013ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಈ ದಂಧೆಯ ಬಗ್ಗೆ ದೊಡ್ಡ ವರದಿ ಬರೆಯಿತು. ಗೂಗಲ್ ತನ್ನ ಹುಡುಕಾಟದಲ್ಲಿ ಇಂಥ ಸೈಟುಗಳನ್ನು ಕೆಳಕ್ಕೆ ತಳ್ಳಿತು. ಮಾಸ್ಟರ್‌ಕಾರ್ಡ್, ಪೇಪಾಲ್‌ನಂಥ ಕಂಪನಿಗಳು ಹಣ ಪಾವತಿಯ ಸಂಬಂಧ ಕಡಿದುಕೊಳ್ಳಲು ಮುಂದಾದವು.  ಆ ವರ್ಷದಿಂದಲೇ ಒಂದೊಂದೇ ರಾಜ್ಯ ಫೋಟೊ ತೆಗೆಯಲು ಹಣ ಕೇಳುವಂತಿಲ್ಲ ಎನ್ನತೊಡಗಿತು. 2018ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಮಗ್‌ಶಾಟ್ಸ್ ಡಾಟ್ ಕಾಮ್‌ನ ಮಾಲೀಕರೆನ್ನಲಾದ ನಾಲ್ವರ ಮೇಲೆ ಸುಲಿಗೆ, ಅಕ್ರಮ ಹಣ ವರ್ಗಾವಣೆಯ ಮೊಕದ್ದಮೆ ಹೂಡಿತು. ದೇಶದಾದ್ಯಂತ ಸುಮಾರು 5,700 ಜನರಿಂದ 24 ಲಕ್ಷ ಡಾಲರ್ ಕಿತ್ತಿದ್ದರೆಂಬುದು ಆರೋಪ. ಅವರ ಬಂಧನವಾದಾಗ ಅವರ ಫೋಟೊಗಳೂ ಪತ್ರಿಕೆಗಳಲ್ಲಿ ಬಂದವೆನ್ನಿ.

ಸರ್ಕಾರಿ ಕಚೇರಿಗಳೂ ಪಾಠ ಕಲಿಯಬೇಕಾಯಿತು. ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿ ಹಳೆಯ ಕೈದಿಗಳ ವಿವರಗಳನ್ನೆಲ್ಲ ಆನ್‌ಲೈನ್ ಹುಡುಕಾಟಕ್ಕೆ ಬಿಟ್ಟಿತ್ತು. ಕೋರ್ಟೇ ದಾಖಲೆ ಅಳಿಸಲು ಆದೇಶಿಸಿದ್ದ ಒಬ್ಬಾತನ ಫೋಟೊ ಕೂಡ ಅದರಲ್ಲಿತ್ತು. ಆತ ಹೂಡಿದ ದಾವೆಯಲ್ಲಿ 2019ರಲ್ಲಿ ಜ್ಯೂರಿ, ಆ ಪಟ್ಟಿಯಲ್ಲಿದ್ದ ಸುಮಾರು 67,000 ಜನರಿಗೆ ತಲಾ 1,000 ಡಾಲರ್ ಪರಿಹಾರ ಎಂದಿತು.

ಪತ್ರಿಕೆಗಳೂ ಸಾಚಾ ಅಲ್ಲ. ಓದುಗರು ಕ್ಲಿಕ್ ಮಾಡುತ್ತಾರೆಂದು ಹಲವು ಪತ್ರಿಕೆಗಳೇ ಬಂಧಿತರ ಫೋಟೊಗಳ ಗ್ಯಾಲರಿ ನಡೆಸುತ್ತಿದ್ದವು. ಹ್ಯೂಸ್ಟನ್ ಕ್ರಾನಿಕಲ್ ಅದನ್ನು ನಿಲ್ಲಿಸಿದ್ದು 2020ರಲ್ಲಿ. ಅದೇ ವರ್ಷ ಸ್ಯಾನ್‌ಫ್ರಾನ್ಸಿಸ್ಕೊ ಪೊಲೀಸರು, ಜನರಿಗೆ ಅಪಾಯವಿದ್ದಂಥ ಸಂದರ್ಭ ಬಿಟ್ಟರೆ ಫೋಟೊ ಕೊಡುವುದಿಲ್ಲ ಎಂದರು. ಇನ್ನು 2023ರಲ್ಲಿ ಜಾರ್ಜಿಯಾದ ಜೈಲಿನಲ್ಲಿ ತೆಗೆದ ಡೊನಾಲ್ಡ್ ಟ್ರಂಪ್ ಫೋಟೊವನ್ನು ಅವರ ಪ್ರಚಾರ ತಂಡವೇ ಟೀ ಶರ್ಟ್ ಮೇಲೆ ಅಚ್ಚು ಹಾಕಿ ಮಾರಿತು. ಎಲ್ಲರಿಗೂ ಆ ಅನುಕೂಲ ಇರುವುದಿಲ್ಲ.

ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ, ಬಂಧಿತರ ಹೆಸರು, ವಿಳಾಸ, ಆರೋಪಗಳನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ, ಡಿಜಿಟಲ್ ರೂಪದಲ್ಲಾದರೂ ಸರಿ, ಪ್ರದರ್ಶಿಸಬೇಕು ಎನ್ನುತ್ತದೆ. ಗುಟ್ಟಾಗಿ ಯಾರನ್ನೂ ಕೂಡಿಹಾಕಬಾರದೆಂಬ ಅದೇ ಹಳೆಯ ಕಾಳಜಿ. ಆರೋಪ ಸಾಬೀತಾಗದೆ ಬಿಡುಗಡೆಯಾದವರ ಹೆಸರನ್ನು ಅಲ್ಲಿಂದ ಯಾವಾಗ ತೆಗೆಯಬೇಕು ಎಂಬ ಬಗ್ಗೆ ಆ ಕಲಮಿನಲ್ಲಿ ಒಂದು ಸಾಲೂ ಇಲ್ಲ.