ಕಂಬ ನೋಡಿ ಕನೆಕ್ಷನ್ ತಗೊಳ್ಳಿ

ಜುಲೈ ತಿಂಗಳ ಸಾಗರ ಪೇಟೆ. ಮಂಡಿಯ ಮುಂದೆ ಅಡಿಕೆ ಚೀಲ ತುಂಬಿಕೊಂಡ ಲಾರಿ ತಾಡಪಾಲು ಬಿಗಿದು ನಿಂತಿದೆ, ಆದರೆ ಹೊರಡುವಂತಿಲ್ಲ. ಇ-ವೇ ಬಿಲ್ ಆಗಿಲ್ಲ. 50,000 ರೂಪಾಯಿ ಮೀರಿದ ಸರಕು ರಸ್ತೆಗಿಳಿಯಬೇಕಾದರೆ ಆ ಬಿಲ್ ಬೇಕು. ಎರಡು ಮೂರು ಚೀಲ ಕೆಂಪಡಿಕೆಗೇ ಆ ಮೊತ್ತ ಮುಟ್ಟಿಬಿಡುತ್ತದೆ. ವರ್ಷದ ವಹಿವಾಟು 5 ಕೋಟಿ ದಾಟಿದವರಿಗೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ ಕೂಡ ಕಡ್ಡಾಯ. ಒಳಗೆ ಗುಮಾಸ್ತ ಗೋಡೆಯ ಮೇಲಿನ ಬಿಳಿ ಡಬ್ಬಿಯನ್ನೇ ನೋಡುತ್ತಿದ್ದಾನೆ. ಅದರಲ್ಲಿ ‘ಎಲ್‌ಒಎಸ್’ ಎಂಬ ಕೆಂಪು ದೀಪ ಮಿಣುಕುತ್ತಿದೆ. ಬೆಳಕು ಬರುತ್ತಿಲ್ಲ ಎಂದರ್ಥ. ಫೋನ್ ಮಾಡಿದರೆ ಲೈನಿನವನು ಹೇಳುತ್ತಾನೆ: ‘ಹೆಗ್ಗೋಡಿನ ಕಡೆ ಮರ ಬಿದ್ದಿದೆ ಅಣ್ಣ, ಜಾಯಿಂಟ್ ಹಾಕ್ತಾ ಇದ್ದೀನಿ. ಅದು ಮುಗಿಸಿ ನಿಮ್ಮ ಕಡೆ ಬರ್ತೀನಿ.’

ಮಲೆನಾಡಿನ ಪೇಟೆಗಳಲ್ಲಿ ಮಳೆಗಾಲದ ಮಾಮೂಲಿ ಚಿತ್ರವಿದು. ಇಂಥ ಮಂಡಿಯಲ್ಲಿ 200 ಎಂಬಿಪಿಎಸ್ ಪ್ಲಾನ್ ಇರಬಹುದು. ಆ ಹೊತ್ತಿಗೆ ಬೇಕಾಗಿದ್ದದ್ದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸುವಷ್ಟು ಡೇಟಾ ಮಾತ್ರ. ಬಿಲ್ಲಿಂಗ್, ಜಿಎಸ್‌ಟಿ, ಬ್ಯಾಂಕು, ಒಂದೆರಡು ವಿಡಿಯೊ ಕಾಲ್ ಇಷ್ಟಕ್ಕೇ ಆದರೆ ಸಣ್ಣ ವ್ಯಾಪಾರಿಗೆ 40-50 ಎಂಬಿಪಿಎಸ್ ಧಾರಾಳ. ಜಾಹೀರಾತು ಮಾತಾಡುವುದು ವೇಗವನ್ನು. ವ್ಯಾಪಾರ ನಿಲ್ಲಿಸುವುದು ಕಡಿತ. ಆದ್ದರಿಂದ ಸಂಪರ್ಕ ಆರಿಸುವವರು ಪ್ಲಾನ್ ಪಟ್ಟಿ ನೋಡುವುದಕ್ಕಿಂತ ಮೊದಲು ಎರಡು ಸಂಗತಿ ವಿಚಾರಿಸಬೇಕು: ಈ ಫೈಬರ್ ಎಳೆ ಯಾವ ದಾರಿಯಲ್ಲಿ ನನ್ನ ಅಂಗಡಿಗೆ ಬರುತ್ತದೆ, ಹರಿದಾಗ ಯಾರು ಬಂದು ಕೂಡಿಸುತ್ತಾರೆ.

ದಾರಿ ತಿಳಿಯಲು ಅಂಗಡಿಯಿಂದ ಹೊರಗೆ ಬಂದು ತಲೆ ಎತ್ತಿದರೆ ಸಾಕು. ನಮ್ಮ ಊರುಗಳಲ್ಲಿ ಫೈಬರ್ ಬಹುಮಟ್ಟಿಗೆ ಕರೆಂಟು ಕಂಬದ ಮೇಲೆಯೇ ಬರುತ್ತದೆ. ಎಕ್ಸ್‌ಚೇಂಜಿನಿಂದಲೋ ಕೇಬಲ್ ಆಫೀಸಿನಿಂದಲೋ ಹೊರಟ ಒಂದು ಎಳೆಯಲ್ಲಿ ಸುಮಾರು 2.5 ಜಿಬಿಪಿಎಸ್ ಹರಿಯುತ್ತದೆ; ದಾರಿಯಲ್ಲಿ ಸ್ಪ್ಲಿಟರ್ ಅದನ್ನು 32 ಅಥವಾ 64 ಮನೆ-ಅಂಗಡಿಗಳಿಗೆ ಹಂಚುತ್ತದೆ. ಕಂಬದ ಮೇಲೆ ಕಪ್ಪು ಜಾಯಿಂಟ್ ಬಾಕ್ಸು ಕಾಣುತ್ತದಲ್ಲ, ಅದರ ಮುಚ್ಚಳ ನೆಟ್ಟಗೆ ಕೂತಿದೆಯೋ ಬಾಯಿ ಬಿಟ್ಟು ನೀರು ಕುಡಿಯುತ್ತಿದೆಯೋ ನೋಡಿ. ಸುತ್ತಿಟ್ಟ ಕೇಬಲ್ಲಿನ ಉಂಡೆ ಬಿಗಿಯಾಗಿದೆಯೋ, ಲಾರಿಯ ಲೋಡಿಗೆ ತಾಗುವಷ್ಟು ಜೋತು ಬಿದ್ದಿದೆಯೋ ನೋಡಿ. ಆ ಕಂಪನಿಯ ಕೆಲಸ ಎಂಥದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಕಂಬ ಬಳಸಲು ವಿದ್ಯುತ್ ಕಂಪನಿಯ ಅನುಮತಿ ಇದೆಯೇ ಎಂದೂ ಕೇಳಬೇಕು. ಬೆಂಗಳೂರಿನಲ್ಲಿ ಬೆಸ್ಕಾಂ ಅನಧಿಕೃತ ಕೇಬಲ್‌ಗಳನ್ನು ಕಂಬಗಳಿಂದ ತೆಗೆಸುವ ಕಾರ್ಯಾಚರಣೆ ನಡೆಸಿದಾಗ ನೆಟ್ ಕಳೆದುಕೊಂಡು ಕೂತವರು ಗ್ರಾಹಕರೇ.

ಹರಿದ ಎಳೆಯನ್ನು ಕೂಡಿಸುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ತಲೆಗೂದಲಿನಷ್ಟು. ಬೆಳಕು ಓಡುವ ಅದರ ತಿರುಳು ಬರೀ 9 ಮೈಕ್ರಾನ್. ಮಳೆ ಸುರಿಯುತ್ತಿರುವಾಗ ಒಬ್ಬ ಕೊಡೆ ಹಿಡಿದು ನಿಂತಿರುತ್ತಾನೆ, ಇನ್ನೊಬ್ಬ ಬೈಕಿನ ಸೀಟಿನ ಮೇಲೆ ಸ್ಪ್ಲೈಸಿಂಗ್ ಯಂತ್ರ ಇಟ್ಟುಕೊಂಡಿರುತ್ತಾನೆ. ಎಳೆಯ ಸಿಪ್ಪೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ನೇರ ಕತ್ತರಿಸಿ, ಎರಡು ತುದಿಗಳನ್ನು ಎದುರುಬದುರು ಇಟ್ಟು ಮುಚ್ಚಳ ಹಾಕುತ್ತಾನೆ. ಒಳಗೆ ಸಣ್ಣದೊಂದು ವಿದ್ಯುತ್ ಕಿಡಿ ಹಾರಿ ಗಾಜಿಗೆ ಗಾಜು ಬೆಸೆಯುತ್ತದೆ. ತುದಿಯಲ್ಲಿ ಧೂಳಿನ ಕಣ ಉಳಿದರೂ ಮತ್ತೆ ಮೊದಲಿಂದ. ಇಷ್ಟು ನಾಜೂಕು ಕೆಲಸವನ್ನು ಹುಡುಗರು ಗಾಳಿ ಮಳೆಯಲ್ಲಿ, ಎಷ್ಟೋ ಕಡೆ ಬೆಲ್ಟು ಗ್ಲೌಸು ಇಲ್ಲದೆ, ಕರೆಂಟು ಕಂಬದ ಬುಡದಲ್ಲೋ ತುದಿಯಲ್ಲೋ ಮಾಡುತ್ತಾರೆ. ಅವರಿಗೆ ಸುರಕ್ಷತಾ ಸಾಮಾನು ಕೊಡದ ಕಂಪನಿ ಅಗ್ಗದ ಪ್ಲಾನ್ ಕೊಟ್ಟರೂ ನನಗೆ ಅದು ಅಗ್ಗ ಅನಿಸುವುದಿಲ್ಲ.

ಜೋಡಿಸಿ ಹೋಗುವ ಮುನ್ನ ‘ಪವರ್ ಎಷ್ಟು ಬರ್ತಿದೆ ತೋರಿಸಿ’ ಎಂದು ಕೇಳಿ. ಮೀಟರಿನಲ್ಲಿ ಬೆಳಕಿನ ಬಲ ಮೈನಸ್ 20ರ ಆಸುಪಾಸು ಡಿಬಿಎಂ ಇದ್ದರೆ ನೆಮ್ಮದಿ. ಮೈನಸ್ 27 ಮುಟ್ಟಿದ್ದರೆ ಅಂಚಿನಲ್ಲಿದೆ; ಇಂದು ನಡೆಯುತ್ತದೆ, ನಾಳೆ ಗಾಳಿಗೆ ಕೇಬಲ್ ಅಲುಗಿದರೆ ಕೆಂಪು ದೀಪ. ಡಬ್ಬಿಗೆ ಬರುವ ಹಳದಿ ಎಳೆಯನ್ನು ಮೇಜಿನ ಹಿಂದೆ ಮಡಚಿ ತುರುಕಿದರೂ ಬೆಳಕು ಸೋರುತ್ತದೆ.

ಯಾರು ಬರುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಕಾಲ್ ಸೆಂಟರಿನಲ್ಲಿ ಸಿಗುವುದಿಲ್ಲ. ಸಣ್ಣ ಊರುಗಳಲ್ಲಿ ದೊಡ್ಡ ಕಂಪನಿಯ ಹೆಸರಿನ ಫೈಬರನ್ನೂ ಎಷ್ಟೋ ಸಲ ನಡೆಸುವವರು ಸ್ಥಳೀಯ ಪಾಲುದಾರರು, ಹಿಂದೆ ಕೇಬಲ್ ಟಿವಿ ನಡೆಸುತ್ತಿದ್ದವರೇ. ಬಿಎಸ್‌ಎನ್‌ಎಲ್ ಫೈಬರ್ ಬಹಳ ಕಡೆ ಹೀಗೆಯೇ ನಡೆಯುತ್ತದೆ. ಹಾಗಾಗಿ ಒಂದೇ ಕಂಪನಿ ಒಂದು ಊರಿನಲ್ಲಿ ಚಿನ್ನ, ಪಕ್ಕದ ಊರಿನಲ್ಲಿ ಗೋಳು. ನೆರೆಯ ಮೆಡಿಕಲ್ ಶಾಪು, ಪತ್ತಿನ ಸಹಕಾರ ಸಂಘ, ಝೆರಾಕ್ಸ್ ಅಂಗಡಿಯವರನ್ನು ಕೇಳಿ. ಅದೂ ಮಾರ್ಚಿನಲ್ಲಲ್ಲ, ಜುಲೈನಲ್ಲಿ ಕೇಳಿ. ಬೇಸಿಗೆಯಲ್ಲಿ ಎಲ್ಲರ ನೆಟ್ಟೂ ಚೆನ್ನಾಗಿರುತ್ತದೆ.

ಎರಡನೆಯ ಸಂಪರ್ಕ ಬೇಕೇ? ಬಿಲ್ ಹೊರಡದೆ ಮಾಲು ಹೊರಡದವರಿಗೆ ಬೇಕೇ ಬೇಕು. ಆದರೆ ಬೇರೆ ಕಂಪನಿ ಎಂದರೆ ಬೇರೆ ದಾರಿ ಎಂದಲ್ಲ. ಇಬ್ಬರ ಕೇಬಲ್ಲೂ ಒಂದೇ ಕಂಬದ ಮೇಲಿದ್ದರೆ ಒಂದೇ ಮರ ಎರಡನ್ನೂ ಕೆಡವುತ್ತದೆ. ಸಿಮ್ ಹಾಕುವ 4ಜಿ ರೂಟರೋ 5ಜಿ ಏರ್‌ಫೈಬರೋ ಇದಕ್ಕೆ ವಾಸಿ. ಅಲ್ಲೂ ಒಂದು ಸೂಕ್ಷ್ಮವಿದೆ: ಎಷ್ಟೋ ಟವರುಗಳಿಗೂ ಫೈಬರೇ ಬರಬೇಕು. ಶಿವಮೊಗ್ಗ ರಸ್ತೆಯಲ್ಲಿ ಜೆಸಿಬಿ ಕೇಬಲ್ ಕಿತ್ತರೆ ಟವರ್ ನಿಂತೇ ಇರುತ್ತದೆ, ಸಿಗ್ನಲ್ ಕಡ್ಡಿಯೂ ಕಾಣುತ್ತದೆ, ಡೇಟಾ ಮಾತ್ರ ಇರುವುದಿಲ್ಲ. ಅಗೆಯುವವರು ಮೊದಲೇ ತಿಳಿಸಲಿ ಎಂದು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದದ್ದು ಈ ಕಾಟಕ್ಕಾಗಿಯೇ. ಕಳೆದ ಸಲ ಫೈಬರ್ ಹೋದಾಗ ಯಾವ ಸಿಮ್ ಕೆಲಸ ಮಾಡುತ್ತಿತ್ತು ಎಂದು ನೆನಪಿಸಿಕೊಳ್ಳಿ. ಅದನ್ನೇ ರೂಟರಿಗೆ ಹಾಕಿ. ಇ-ವೇ ಬಿಲ್ ಅನ್ನು ಎಸ್‌ಎಂಎಸ್ ಮೂಲಕವೂ ಮಾಡಬಹುದು, ಆದರೆ ನಂಬರನ್ನು ಪೋರ್ಟಲ್‌ನಲ್ಲಿ ಮುಂಚೆಯೇ ನೋಂದಾಯಿಸಿರಬೇಕು. ಈ ಸೌಲಭ್ಯ ಇದೆಯೆಂದೇ ಬಹಳ ವ್ಯಾಪಾರಿಗಳಿಗೆ ಗೊತ್ತಿಲ್ಲ.

ಇನ್ನು ಫೋನು. ಹಳೆಯ ತಾಮ್ರದ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಬರುತ್ತಿತ್ತು. ಊರಿಗೆಲ್ಲ ಕರೆಂಟು ಹೋದರೂ ಅಂಗಡಿಯ ಫೋನು ರಿಂಗಾಗುತ್ತಿತ್ತು. ಫೈಬರ್ ಗಾಜು, ವಿದ್ಯುತ್ ಹೊರುವುದಿಲ್ಲ. ಕರೆಂಟು ಹೋದ ಕ್ಷಣ ಬಿಳಿ ಡಬ್ಬಿ ಸತ್ತು, ಅದಕ್ಕೆ ಸಿಕ್ಕಿಸಿದ ಫೋನೂ ಸಾಯುತ್ತದೆ. ತಾಮ್ರದಿಂದ ಫೈಬರಿಗೆ ಬದಲಾಯಿಸುವಾಗ ಈ ಮಾತನ್ನು ಗ್ರಾಹಕರಿಗೆ ಮೊದಲೇ ಬಿಡಿಸಿ ಹೇಳಬೇಕಾದದ್ದು ಕಂಪನಿಗಳ ಕರ್ತವ್ಯ ಎಂದು ನಾನು ನಂಬುತ್ತೇನೆ. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಒಂದೆರಡು ಸಾವಿರ ರೂಪಾಯಿಯ 12 ವೋಲ್ಟಿನ ಸಣ್ಣ ಯುಪಿಎಸ್ ಡಬ್ಬಿಯನ್ನೂ ರೂಟರನ್ನೂ ಕೆಲವು ಗಂಟೆ ನಡೆಸುತ್ತದೆ. ಇನ್ವರ್ಟರ್ ಇದ್ದರೆ ಆ ಪ್ಲಗ್ಗು ಇನ್ವರ್ಟರ್ ಲೈನಿನಲ್ಲೇ ಇದೆಯೇ ಎಂದು ಖಚಿತ ಮಾಡಿಕೊಳ್ಳಿ.

ಇಂಟರ್‌ನೆಟ್ ಮೇಲೆ ಹೋಗುವ ಒಂದು ಕರೆಗೆ ಬೇಕಾದ್ದು ಹೆಚ್ಚೆಂದರೆ 100 ಕೆಬಿಪಿಎಸ್. ಆದರೂ ಮಾತು ತುಂಡಾಗುತ್ತದೆ, ಎದುರಿನವರು ‘ಹಲೋ ಹಲೋ, ಕೇಳ್ತಾ ಇಲ್ಲ’ ಅನ್ನುತ್ತಾರೆ. ಕಾರಣ, ಮಾತಿಗೆ ವೇಗಕ್ಕಿಂತ ಸಮ ಓಟ ಮುಖ್ಯ. ಒಂದು ಬದಿಯ ವಿಳಂಬ 150 ಮಿಲಿಸೆಕೆಂಡ್ ಮೀರಿದರೆ ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡಲು ಶುರುಮಾಡುತ್ತಾರೆ. ನೂರಕ್ಕೆ ಒಂದಕ್ಕಿಂತ ಹೆಚ್ಚು ಪ್ಯಾಕೆಟ್ ಕಳೆದುಹೋದರೆ ಅಕ್ಷರಗಳೇ ನುಂಗಿಹೋಗುತ್ತವೆ. ಕಂಪನಿಯನ್ನು ಬೈಯುವ ಮೊದಲು ಸಿಸಿಟಿವಿ ನೋಡಿ. ತಲಾ 2 ಎಂಬಿಪಿಎಸ್‌ನ ನಾಲ್ಕು ಕ್ಯಾಮೆರಾಗಳು ಚಿತ್ರವನ್ನು ಹೊರಗೆ ಕಳಿಸುತ್ತಿದ್ದರೆ ಹಗಲೂ ರಾತ್ರಿ 8 ಎಂಬಿಪಿಎಸ್ ಅಪ್‌ಲೋಡ್ ಅದಕ್ಕೇ ಹೋಯಿತು. ಪ್ಲಾನ್ ಕೇಳುವಾಗ ಅಪ್‌ಲೋಡ್ ಎಷ್ಟು, ಡೇಟಾ ಮಿತಿ ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂದು ಬಾಯಿಬಿಟ್ಟು ಕೇಳಬೇಕು. ದಪ್ಪ ಜಂಬಿಟ್ಟಿಗೆ ಗೋಡೆಯ ಹಳೆಯ ಅಂಗಡಿಗಳಲ್ಲಿ ಮೊಬೈಲ್ ಸಿಗ್ನಲ್ ಒಳಗೆ ಬರುವುದಿಲ್ಲ; ಅಂಥ ಕಡೆ ಫೋನಿನಲ್ಲಿ ವೈ-ಫೈ ಕಾಲಿಂಗ್ ಆನ್ ಮಾಡಿಕೊಂಡರೆ ಅದೇ ನಂಬರಿನಲ್ಲಿ ಮಾತು ನಿಚ್ಚಳವಾಗಿ ಕೇಳುತ್ತದೆ, ಬೇರೆ ಖರ್ಚಿಲ್ಲ.

ನಂಬರಿನ ವಿಷಯ ಇನ್ನೂ ದೊಡ್ಡದು. 08183ರಿಂದ ಶುರುವಾಗುವ ನಂಬರು ಮಂಡಿಯ ಬೋರ್ಡಿನಲ್ಲಿ, ಬಿಲ್ ಪುಸ್ತಕದಲ್ಲಿ, ಹಳ್ಳಿಯ ಬೆಳೆಗಾರರ ಡೈರಿಯಲ್ಲಿ ಅಚ್ಚಾಗಿ ಕೂತಿದೆ. ಮೊಬೈಲ್ ನಂಬರನ್ನು 2011ರ ಜನವರಿಯಿಂದ ದೇಶದಾದ್ಯಂತ ಬೇರೆ ಕಂಪನಿಗೆ ಒಯ್ಯಬಹುದು. ಲ್ಯಾಂಡ್‌ಲೈನಿಗೆ ಆ ಸೌಲಭ್ಯವಿಲ್ಲ. ಕಂಪನಿ ಬಿಟ್ಟರೆ ನಂಬರೂ ಹೋಗುತ್ತದೆ. ಹಾಗಾಗಿ ಅಗ್ಗದ ಪ್ಲಾನ್ ಕಂಡು ಹಳೆಯ ಲೈನ್ ಸರೆಂಡರ್ ಮಾಡಬೇಡಿ. ಅದೇ ನಂಬರನ್ನು ಫೈಬರಿಗೆ ಹಾಕಿಕೊಡುತ್ತಾರೆಯೇ ಎಂದು ಅದೇ ಕಂಪನಿಯನ್ನು ಮೊದಲು ಕೇಳಿ, ನೆಟ್ಟನ್ನು ಬೇಕಾದರೆ ಬೇರೆಯವರಿಂದ ತೆಗೆದುಕೊಳ್ಳಿ. ಲೈನ್ ಸತ್ತಾಗ ಕರೆಗಳು ಮೊಬೈಲಿಗೆ ಹೋಗುವಂತೆ ಕಾಲ್ ಫಾರ್ವರ್ಡಿಂಗ್ ವ್ಯವಸ್ಥೆ ಇದೆಯೇ ಎಂದೂ ವಿಚಾರಿಸಿ.

ಮಾತು ಕೊಟ್ಟ ಸೇವೆಗೆ ಬೆಲೆ ಜಾಸ್ತಿ. ಒಬ್ಬ ಗ್ರಾಹಕನಿಗೇ ಮೀಸಲಾದ ಲೀಸ್ಡ್ ಲೈನಿಗೆ ಇಷ್ಟು ಹೊತ್ತು ನಡೆದೇ ನಡೆಯುತ್ತದೆ ಎಂಬ ಕರಾರು ಇರುತ್ತದೆ. ಅಲ್ಲಿಯೂ ಲೆಕ್ಕ ಹಾಕಿಯೇ ಸಹಿ ಮಾಡಬೇಕು: ನೂರಕ್ಕೆ 99 ಎಂದರೆ ತಿಂಗಳಿಗೆ ಏಳು ಗಂಟೆಗೂ ಹೆಚ್ಚು ಬಂದ್ ಇರಬಹುದು, 99.9 ಎಂದರೆ ಮುಕ್ಕಾಲು ಗಂಟೆಯೊಳಗೆ. ಮಂಡಿಗೋ ಅಂಗಡಿಗೋ ಅದು ಬೇಡ, ಬೇರೆ ಬೇರೆ ದಾರಿಯ ಎರಡು ಸಾಧಾರಣ ಸಂಪರ್ಕಗಳೇ ಮೇಲು. ಸಂಪರ್ಕವನ್ನು ಮನೆಯವರ ಹೆಸರಿನಲ್ಲಿ ತೆಗೆದುಕೊಳ್ಳದೆ ಸಂಸ್ಥೆಯ ಹೆಸರಿನಲ್ಲಿ, ಜಿಎಸ್‌ಟಿ ನಂಬರ್ ಬರೆಸಿ ತೆಗೆದುಕೊಂಡರೆ ಕಟ್ಟಿದ ಶೇ 18 ತೆರಿಗೆಯನ್ನು ಇನ್‌ಪುಟ್‌ನಲ್ಲಿ ಹೊಂದಿಸಿಕೊಳ್ಳಬಹುದು. ದೂರು ಕೊಟ್ಟಾಗ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅದು ಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಒಬ್ಬೊಬ್ಬರ ದೂರನ್ನು ನೇರ ವಿಚಾರಿಸುವುದಿಲ್ಲ.

ಎಲ್ಲ ಹಾಕಿಸಿದ ಮೇಲೆ ಮೇ ತಿಂಗಳಲ್ಲೇ ಒಂದು ಮಧ್ಯಾಹ್ನ ಫೈಬರ್ ಡಬ್ಬಿಯ ಸ್ವಿಚ್ಚನ್ನು ನೀವೇ ಆರಿಸಿ. ಸಿಮ್ ರೂಟರ್ ತಾನಾಗಿ ಹಿಡಿಯುತ್ತದೆಯೇ, ಬಿಲ್ ಹೊರಡುತ್ತದೆಯೇ, ಲ್ಯಾಂಡ್‌ಲೈನಿಗೆ ಬಂದ ಕರೆ ಮೊಬೈಲಿಗೆ ತಿರುಗುತ್ತದೆಯೇ ನೋಡಿ. ಆ ಸಿಮ್ಮಿನ ರೀಚಾರ್ಜ್ ಮುಗಿದು ಎಷ್ಟೋ ದಿನವಾಗಿದೆ ಎಂಬುದು ಬಹಳ ಅಂಗಡಿಗಳಲ್ಲಿ ಗೊತ್ತಾಗುವುದು ಹೀಗೆ ಪರೀಕ್ಷೆ ಮಾಡಿದಾಗಲೇ.