ಜಾಡಿಯ ಮೆರುಗಿನೊಳಗಿನ ಕಲ್ಲು

ಉಪ್ಪಿನಕಾಯಿಯ ಜಾಡಿಯನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಉಪ್ಪು, ಹುಳಿ, ಖಾರ, ಎಣ್ಣೆ ಈ ನಾಲ್ಕೂ ಒಂದು ವರುಷ ಪರ್ಯಂತ ಅದರ ಒಡಲಲ್ಲಿ ಕುಳಿತರೂ ಜಾಡಿ ಜಿನುಗುವುದಿಲ್ಲ, ಅದರ ಮೈ ಸವೆಯುವುದಿಲ್ಲ. ಈ ಗುಣಕ್ಕೆ ಬಹುಮಟ್ಟಿಗೆ ಕಾರಣವಾದುದು ಮೇಲೆ ಬಳಿದಿರುವ ಮೆರುಗು. ಉಗುರಿನ ದಪ್ಪವೂ ಇಲ್ಲದ ಈ ಹೊದಿಕೆ ವಾಸ್ತವವಾಗಿ ಒಂದು ಬಗೆಯ ಗಾಜು. ಈ ಗಾಜಿಗೆ ಮೂಲವಸ್ತುವಾದ ಫೆಲ್ಡ್‌ಸ್ಪಾರ್ ಎಂಬ ಕಲ್ಲಿನ ಒಳಗೇನಿದೆ ಎಂಬುದನ್ನು ಈ ದಿನ ವಿಚಾರ ಮಾಡೋಣ.

ಗಾಜಿನ ಜೀವಾಳ ಸಿಲಿಕಾ, ಎಂದರೆ ಬೆಣಚುಕಲ್ಲಿನ ಸತ್ತ್ವ. ಅದೊಂದನ್ನೇ ಕರಗಿಸಬೇಕಾದರೆ 1,700 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಬೇಕು. ಗಟ್ಟಿಜಾಡಿಗಳನ್ನು ಸುಡುವ ಆವಿಗೆಯಾದರೋ ಸಾಮಾನ್ಯವಾಗಿ 1,200ರಿಂದ 1,300 ಡಿಗ್ರಿಯೊಳಗೆ ಇರುತ್ತದೆ. ಆದುದರಿಂದ ಸಿಲಿಕಾವನ್ನು ಬೇಗ ಕರಗಿಸುವ ಸಹಾಯಕನೊಬ್ಬನು ಬೇಕಾಗುತ್ತಾನೆ. ಸೋಡಾ, ಪೊಟ್ಯಾಷ್ ಮುಂತಾದ ಕ್ಷಾರಗಳು ಈ ಕೆಲಸದಲ್ಲಿ ಬಹಳ ಸಮರ್ಥವಾದವು. ಆದರೆ ತೊಡಕೊಂದುಂಟು. ಮೆರುಗನ್ನು ನೀರಿನಲ್ಲಿ ಕದಡಿ, ಅದರಲ್ಲಿ ಮಡಕೆಯನ್ನು ಅದ್ದಿ ತೆಗೆಯುವುದು ವಾಡಿಕೆ. ಒಗೆಯುವ ಸೋಡಾವನ್ನು ಹಾಗೆಯೇ ಬೆರಸಿದರೆ ಅದು ನೀರಿನಲ್ಲಿ ಕರಗಿ, ನೀರಿನ ಜೊತೆಯಲ್ಲಿಯೇ ಮಡಕೆಯ ರಂಧ್ರಗಳೊಳಕ್ಕೆ ಇಂಗಿಹೋಗುತ್ತದೆ. ಮೇಲೆ ಉಳಿಯುವುದು ನಾವು ತೂಗಿದ ಮಿಶ್ರಣವಲ್ಲ, ಬೇರೆಯೊಂದು.

ಸೀಸದ ಭಸ್ಮಕ್ಕೆ ಈ ದೋಷವಿಲ್ಲ. ಅದು ಕಡಮೆ ಶಾಖದಲ್ಲಿಯೇ ಕರಗಿ ಸೊಗಸಾಗಿ ಹೊಳೆಯುತ್ತದೆ. ಆ ಕಾರಣದಿಂದಲೇ ಅನೇಕ ಶತಮಾನಗಳು ಅದನ್ನು ಬಳಸಿದರು. ಆದರೆ ಸೀಸ ವಿಷ. ಸರಿಯಾಗಿ ಬೇಯದ ಸೀಸದ ಮೆರುಗಿನ ಪಾತ್ರೆಯಲ್ಲಿ ಹುಳಿಪದಾರ್ಥವನ್ನಿಟ್ಟರೆ ಹುಳಿ ಸೀಸವನ್ನು ಸೆಳೆದುಕೊಂಡು ಊಟದ ಎಲೆಗೆ ತರುತ್ತದೆ. ನಿಂಬೆಯ ಉಪ್ಪಿನಕಾಯಿಗಿಂತ ಹುಳಿಯಾದ ಪದಾರ್ಥ ನಮ್ಮ ಅಡಿಗೆಮನೆಯಲ್ಲಿ ಇನ್ನೇನಿದ್ದೀತು?

ಫೆಲ್ಡ್‌ಸ್ಪಾರಿನ ಹಿರಿಮೆ ಇಲ್ಲಿ ಗೊತ್ತಾಗುತ್ತದೆ. ಪ್ರಕೃತಿಯು ಕ್ಷಾರವನ್ನು ಅಲ್ಯೂಮಿನಾ, ಸಿಲಿಕಾಗಳೊಡನೆ ಬಿಗಿಯಾಗಿ ಬಂಧಿಸಿ, ನೀರಿಗೆ ಸುಲಭವಾಗಿ ಜಗ್ಗದ ಕಲ್ಲಾಗಿ ಮಾಡಿಟ್ಟಿದೆ. ಆವಿಗೆಯ ಬೆಂಕಿಗೆ ಮಾತ್ರ ಅದು ತನ್ನ ಕ್ಷಾರವನ್ನು ಬಿಟ್ಟುಕೊಡುತ್ತದೆ. ಇದು ದುರ್ಲಭವಾದ ವಸ್ತುವೂ ಅಲ್ಲ. ಭೂಮಿಯ ಹೊರಪದರದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಫೆಲ್ಡ್‌ಸ್ಪಾರ್ ವರ್ಗದ ಖನಿಜಗಳೇ. ಚಾಮುಂಡಿ ಬೆಟ್ಟದ ಕಲ್ಲಿಗೂ ರಾಮನಗರದ ಬಂಡೆಗಳಿಗೂ ನಸುಗೆಂಪು ಛಾಯೆಯನ್ನು ಕೊಟ್ಟಿರುವ ಹರಳುಗಳು ಇವೇ. ಆದರೆ ಬೆಟ್ಟದ ಕಲ್ಲಿನಲ್ಲಿ ಕಬ್ಬಿಣದ ಅಂಶವುಳ್ಳ ಕಪ್ಪು ಖನಿಜಗಳೂ ಸೇರಿರುವುದರಿಂದ ಅದು ಬಿಳಿಯ ಮೆರುಗಿಗೆ ಒದಗುವುದಿಲ್ಲ. ಹರಳುಗಳು ದೊಡ್ಡದಾಗಿ, ಬೇರೆ ಬೇರೆಯಾಗಿ ಬೆಳೆದ ಸಿರಗಳಿಂದ ಅದನ್ನು ಆಯ್ದು ತೆಗೆಯಬೇಕು.

ಇನ್ನು ಸಂಯೋಜನೆಗೆ ಬರೋಣ. ಪೊಟ್ಯಾಷ್ ಫೆಲ್ಡ್‌ಸ್ಪಾರನ್ನು ಕುಂಬಾರಿಕೆಯ ಲೆಕ್ಕದಲ್ಲಿ ಪೊಟ್ಯಾಷ್ 1, ಅಲ್ಯೂಮಿನಾ 1, ಸಿಲಿಕಾ 6 ಅಣುಗಳೆಂದು ಬರೆಯುತ್ತಾರೆ. ತೂಕದಲ್ಲಿ ಹೇಳುವುದಾದರೆ ನೂರಕ್ಕೆ ಪೊಟ್ಯಾಷ್ ಸುಮಾರು 17, ಅಲ್ಯೂಮಿನಾ 18, ಸಿಲಿಕಾ 65. ಪೊಟ್ಯಾಷಿನ ಸ್ಥಾನದಲ್ಲಿ ಸೋಡಾ ಕುಳಿತರೆ ಆಲ್ಬೈಟ್ ಎಂಬ ಸೋಡಾ ಫೆಲ್ಡ್‌ಸ್ಪಾರ್: ಸೋಡಾ ಸುಮಾರು 12, ಅಲ್ಯೂಮಿನಾ 19, ಸಿಲಿಕಾ 69. ಸುಣ್ಣದ ಫೆಲ್ಡ್‌ಸ್ಪಾರ್ ಎಂಬ ಮೂರನೆಯದೊಂದಿದೆ. ಅದರ ಗೊಡವೆ ಇಲ್ಲಿ ಬೇಡ. ಇವು ಪುಸ್ತಕದ ಅಂಕಿಗಳು. ಗಣಿಯ ಕಲ್ಲಿನಲ್ಲಿ ಪೊಟ್ಯಾಷಿನ ಜೊತೆಗೆ ಅಷ್ಟಿಷ್ಟು ಸೋಡಾ ಇದ್ದೇ ಇರುತ್ತದೆ, ಬೆಣಚೂ ಬೆರೆತಿರುತ್ತದೆ.

ಅಲ್ಯೂಮಿನಾ ಏತಕ್ಕೆ ಎಂದು ಕೇಳಬಹುದು. ಕರಗಿದ ಮೆರುಗು ನೀರಿನಂತೆ ಹರಿದು ಬುಡಕ್ಕೆ ಇಳಿಯದ ಹಾಗೆ ಅದನ್ನು ಜೇನಿನಂತೆ ಮಂದವಾಗಿ ಹಿಡಿದಿಡುವುದು ಅದರ ಕೆಲಸ. ಹೀಗೆ ಗಾಜು, ಅದನ್ನು ಕರಗಿಸುವ ಕ್ಷಾರ, ಹಿಡಿದಿಡುವ ಅಲ್ಯೂಮಿನಾ ಮೂರೂ ಒಂದೇ ಕಲ್ಲಿನಲ್ಲಿವೆ. ಆದರೂ ಫೆಲ್ಡ್‌ಸ್ಪಾರನ್ನೇ ಬಳಿದು ಸುಟ್ಟರೆ ಹಾಲಿನಂತೆ ಮಬ್ಬಾದ, ಬಿರುಕುಬಿಟ್ಟ ಹೊದಿಕೆಯಾಗುತ್ತದೆ. ಸುಣ್ಣ, ಬೆಣಚು, ಚೀನಿ ಮಣ್ಣು ಕೂಡಬೇಕು.

ಎಷ್ಟು ಕೂಡಬೇಕೆಂಬುದನ್ನು ಲೆಕ್ಕಕ್ಕೆ ತಂದವನು ಜರ್ಮನಿಯ ಹರ್ಮನ್ ಸೇಗರ್ (1839–1893). ಆವಿಗೆಯ ಶಾಖವನ್ನು ಬಾಗಿ ತೋರಿಸುವ ಸಣ್ಣ ಮಣ್ಣಿನ ಶಂಕುಗಳನ್ನು 1886ರಲ್ಲಿ ಪ್ರಕಟಪಡಿಸಿದವನೂ ಅವನೇ. ಅವನ 4ನೆಯ ಶಂಕುವಿನ ಸೂತ್ರ ಹೀಗಿದೆ: ಪೊಟ್ಯಾಷ್ 0.3, ಸುಣ್ಣ 0.7, ಅಲ್ಯೂಮಿನಾ 0.5, ಸಿಲಿಕಾ 4. ಇದನ್ನು ತಕ್ಕಡಿಗೆ ಇಳಿಸಿ ನೋಡೋಣ. 0.3 ಪೊಟ್ಯಾಷಿಗೆ ಫೆಲ್ಡ್‌ಸ್ಪಾರ್ 167 ಭಾಗ, ಅದರೊಡನೆ 0.3 ಅಲ್ಯೂಮಿನಾ, 1.8 ಸಿಲಿಕಾ ತಾವಾಗಿಯೇ ಬಂದವು. ಸುಣ್ಣಕ್ಕೆ ಸೀಮೆಸುಣ್ಣದ ಪುಡಿ 70 ಭಾಗ. ಉಳಿದ 0.2 ಅಲ್ಯೂಮಿನಾಕ್ಕೆ ಚೀನಿ ಮಣ್ಣು 52 ಭಾಗ, ಅದು 0.4 ಸಿಲಿಕಾವನ್ನೂ ತಂದಿತು. ಕೊರತೆಯ 1.8 ಸಿಲಿಕಾಕ್ಕೆ ಬೆಣಚಿನ ಪುಡಿ 108 ಭಾಗ. ನೂರಕ್ಕೆ ಇಳಿಸಿದರೆ ಕ್ರಮವಾಗಿ 42, 18, 13, 27. ಇಂಗ್ಲೆಂಡಿನ ಬರ್ನರ್ಡ್ ಲೀಚರ ಹೆಸರಿನೊಡನೆ ಕುಂಬಾರರಲ್ಲಿ ಪ್ರಚಾರವಾಗಿರುವ 40, 20, 10, 30ರ ಮಿಶ್ರಣ ಇದಕ್ಕೆ ಎಷ್ಟು ಸಮೀಪವೆಂಬುದನ್ನು ಗಮನಿಸಬೇಕು. ಶಂಕುವು ಬಾಗಿದರೆ ಸಾಕು, ಮೆರುಗು ಹರಡಬೇಕು. ಆದ್ದರಿಂದ ಇದನ್ನೇ ಮೆರುಗಾಗಿ ಬಳಸುವವರು ಇನ್ನೂ ಹೆಚ್ಚಿನ ಶಾಖದಲ್ಲಿ ಸುಡುತ್ತಾರೆ.

ಈ ಲೆಕ್ಕವನ್ನು ತರಗತಿಯಲ್ಲಿ ಎಷ್ಟೋ ವರುಷ ಹೇಳಿಕೊಟ್ಟ ನಾವೇ ಒಮ್ಮೆ ಇದನ್ನು ಮರೆತೆವು. ಜಾಡಿ ಮಾಡುವ ನಮ್ಮ ಪರಿಚಿತರೊಬ್ಬರಿಗೆ ರೂಢಿಯ ಫೆಲ್ಡ್‌ಸ್ಪಾರ್ ಬರುವುದು ನಿಂತು, ಬೇರೊಂದು ಕಡೆಯ ಚೀಲ ಸಿಕ್ಕಿತು. ಅಷ್ಟೇ ತೂಕ ಹಾಕಬಹುದೇ ಎಂದು ನಮ್ಮನ್ನು ಕೇಳಿದರು. "ಫೆಲ್ಡ್‌ಸ್ಪಾರೇ ತಾನೆ, ಧಾರಾಳವಾಗಿ ಹಾಕಿ" ಎಂದುಬಿಟ್ಟೆವು. ಮೂರು ವಾರದ ತರುವಾಯ ಅವರು ಜಾಡಿಯೊಂದನ್ನು ತಂದು ನಮ್ಮ ಮೇಜಿನ ಮೇಲಿಟ್ಟರು. ಮೆರುಗು ಇಳಿದು ಬುಡದಲ್ಲಿ ಮಡುಗಟ್ಟಿತ್ತು. ಕೊರಳಿನ ಸುತ್ತ ಕೂದಲೆಳೆಯ ಬಿರುಕುಗಳ ಬಲೆ. "ಮೇಷ್ಟ್ರೇ, ಆವಿಗೆಯ ತುಂಬ ಹೀಗೆಯೇ. ಒಂದು ತಿಂಗಳ ದುಡಿಮೆ" ಎಂದರು. ನಮಗೆ ಉತ್ತರ ತೋಚಲಿಲ್ಲ.

ಆ ಚೀಲದ ಪುಡಿಯನ್ನು ಗೋಡಂತಿಯ ಪುಡಿಯೊಡನೆ ಕಲಸಿ, ಪ್ಲಾಟಿನಂ ತಂತಿಯ ತುದಿಯಲ್ಲಿ ಜ್ವಾಲೆಗೆ ಹಿಡಿದೆವು. ಸೋಡಾದ ಹಳದಿ ಎಲ್ಲವನ್ನೂ ಮುಚ್ಚಿತು. ನೀಲಿ ಕೋಬಾಲ್ಟ್ ಗಾಜಿನ ಮೂಲಕ ನೋಡಿದರೂ ಪೊಟ್ಯಾಷಿನ ನೇರಳೆ ಕಾಣಲೇ ಇಲ್ಲವೆನ್ನಬೇಕು. ಚೀಲದಲ್ಲಿದ್ದುದು ಆಲ್ಬೈಟ್. ಅದರ ಅಣುತೂಕ ಕಡಮೆಯಾದ್ದರಿಂದ 167ರ ಸ್ಥಾನದಲ್ಲಿ 157 ಭಾಗ ಸಾಕಾಗಿತ್ತು. ದೋಷದ ಹೆಚ್ಚಿನ ಪಾಲಾದರೋ ಸೋಡಾದ ಸ್ವಭಾವದ್ದು. ಆಲ್ಬೈಟ್ ಸುಮಾರು 1,118 ಡಿಗ್ರಿಯಲ್ಲಿ ಪೂರ್ತಿಯಾಗಿ ಕರಗುತ್ತದೆ. ಪೊಟ್ಯಾಷ್ ಫೆಲ್ಡ್‌ಸ್ಪಾರ್ ಸುಮಾರು 1,150 ಡಿಗ್ರಿಯಲ್ಲಿ ಕರಗತೊಡಗಿದರೂ, ಲೂಸೈಟ್ ಎಂಬ ಹರಳುಗಳನ್ನು ಬಹಳ ಹೊತ್ತು ಉಳಿಸಿಕೊಂಡು ಮಂದವಾಗಿಯೇ ಇರುತ್ತದೆ. ಅಲ್ಲದೆ ಸೋಡಾದ ಗಾಜು ತಣಿಯುವಾಗ ಹೆಚ್ಚು ಕುಗ್ಗುತ್ತದೆ. ಒಳಗಿನ ಮಣ್ಣು ಅಷ್ಟು ಕುಗ್ಗದಿದ್ದರೆ, ಅಂಗಿ ಬಿಗಿಯಾದವನ ಹೊಲಿಗೆಯಂತೆ ಮೆರುಗು ಬಿಡುತ್ತದೆ.

ಆಮೇಲೆ ಬಿಲ್ಲೆಗಳ ಮೇಲೆ ಪರೀಕ್ಷೆಗಳು ನಡೆದವು. ಫೆಲ್ಡ್‌ಸ್ಪಾರನ್ನು ಇಳಿಸಿ, ಬೆಣಚನ್ನೂ ಚೀನಿ ಮಣ್ಣನ್ನೂ ಸ್ವಲ್ಪ ಸ್ವಲ್ಪವಾಗಿ ಏರಿಸಿದೆವು. ಪ್ರತಿಯೊಂದನ್ನೂ ಕುದಿಯುವ ನೀರಿನಿಂದ ತಣ್ಣೀರಿಗೆ ಮತ್ತೆ ಮತ್ತೆ ಅದ್ದಿದೆವು. ಐದನೆಯ ಬಿಲ್ಲೆ ಬಿರುಕಿಲ್ಲದೆ ಉಳಿಯಿತು. ಈಗ ನಮ್ಮ ಪರಿಚಿತರು ಮಾರುವವರಿಂದ ವಿಶ್ಲೇಷಣೆಯ ಪಟ್ಟಿಯನ್ನು ಕೇಳಿ ಪಡೆಯುತ್ತಾರೆ. ಪ್ರತಿ ಹೊಸ ಚೀಲದಿಂದ ಒಂದು ಚಿಟಿಕೆ ಪುಡಿಯನ್ನು ಗುಂಡಿಯಂತೆ ಒತ್ತಿ, ಹಳೆಯದರ ಪಕ್ಕದಲ್ಲಿಟ್ಟು ಸುಡುತ್ತಾರೆ. ಎರಡೂ ಒಂದೇ ರೀತಿ ಕುಸಿದರೆ ಮಾತ್ರ ಚೀಲ ಒಳಕ್ಕೆ ಬರುತ್ತದೆ. ಅವರು ಬಿಟ್ಟುಹೋದ ಜಾಡಿ ನಮ್ಮ ಪ್ರಯೋಗಶಾಲೆಯಲ್ಲಿದೆ. ಅದರ ಕೊರಳಿಗೆ ಮಸಿ ಸವರಿ ಒರೆಸಿದರೆ ಬಿರುಕಿನ ಬಲೆ ಚೆನ್ನಾಗಿ ಕಾಣುತ್ತದೆ; ವರುಷಕ್ಕೊಮ್ಮೆ ವಿದ್ಯಾರ್ಥಿಗಳ ಮುಂದೆ ಅದನ್ನಿಟ್ಟು, 167 ಏಕೆ 157 ಆಗಬೇಕಿತ್ತೆಂದು ಲೆಕ್ಕ ಹಾಕಿಸುತ್ತೇವೆ.