ಕಟ್ಟಡ ಕುಸಿದಾಗ ಹೊಣೆ ಯಾರದು?



ಮೂಡಿಗೆರೆ, ಕಳಸ ಭಾಗದಲ್ಲಿ ಮುಂಗಾರಿಗೆ ನೆನೆದ ಹಳೆಯ ಗೋಡೆ, ಧರೆಯಂಚಿನ ತಡೆಗೋಡೆ, ರಸ್ತೆಬದಿಯ ತಂಗುದಾಣಗಳು ಕುಸಿಯುವ ಅಪಾಯ ಸದಾ ಇರುತ್ತದೆ. ಕುಸಿದ ಬಳಿಕ ‘ಶಿಥಿಲವಾಗಿದ್ದುದು ನಮಗೆ ತಿಳಿದಿರಲಿಲ್ಲ’ ಎಂದರೆ ಹೊಣೆ ತಪ್ಪುವುದೇ?

ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ 1951ರಲ್ಲಿ ಕುಸಿದು ಪ್ರಾಣಹಾನಿಯಾಯಿತು. ಸರ್ವೋಚ್ಚ ನ್ಯಾಯಾಲಯವು 1966ರಲ್ಲಿ ಗೋಪುರದ ಒಡೆತನ ಹೊಂದಿದ್ದ ನಗರಪಾಲಿಕೆಯನ್ನೇ ಪರಿಹಾರಕ್ಕೆ ಹೊಣೆಯಾಗಿಸಿತು. ಹೆದ್ದಾರಿಗೆ ಹೊಂದಿಕೊಂಡ ಕಟ್ಟಡವನ್ನು ಸುಸ್ಥಿತಿಯಲ್ಲಿಡುವುದು ಮಾಲೀಕರ ವಿಶೇಷ ಕರ್ತವ್ಯ. ದೋಷವು ಕಣ್ಣಿಗೆ ಕಾಣುತ್ತಿರಲಿಲ್ಲವೆಂಬ ವಾದ ರಕ್ಷಣೆಯಾಗದು ಎಂಬುದು ಆ ತೀರ್ಪಿನ ಸಾರ. ಪಂಚಾಯಿತಿ ಒಡೆತನದ ತಂಗುದಾಣ, ನೀರಿನ ತೊಟ್ಟಿ, ಮಳಿಗೆಗಳನ್ನೂ ನಾವು ಇದೇ ದೃಷ್ಟಿಯಿಂದ ನೋಡಬೇಕು.

ಕ್ರಿಮಿನಲ್ ಹೊಣೆ ಇದಕ್ಕಿಂತ ಭಿನ್ನ. ಅಲ್ಲಿ ವ್ಯಕ್ತಿಯ ನಿರ್ಲಕ್ಷ್ಯ ಸಾಬೀತಾಗಬೇಕು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 106(1)ರಡಿ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಕಟ್ಟುವಾಗ, ದುರಸ್ತಿ ಮಾಡುವಾಗ ಅಥವಾ ಕೆಡವುವಾಗ ಮುನ್ನೆಚ್ಚರಿಕೆ ವಹಿಸದಿದ್ದರೆ, ಯಾರಿಗೂ ಗಾಯವಾಗದಿದ್ದರೂ ಕಲಂ 290 ಅನ್ವಯಿಸಬಹುದು. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದಾಗ ಅದರ ಪಾಲುದಾರರಷ್ಟೇ ಅಲ್ಲ, ವಿನ್ಯಾಸಕ ಅಭಿಯಂತರರೂ ಬಂಧನಕ್ಕೊಳಗಾದರು.

ಆದುದರಿಂದ ಮಳೆಗಾಲಕ್ಕೆ ಮುನ್ನ ಮಾಡಬೇಕಾದುದು:

1. ಪಂಚಾಯಿತಿಯ ಪ್ರತಿ ಕಟ್ಟಡವನ್ನು ಅಭಿಯಂತರರಿಂದ ಪರಿಶೀಲಿಸಿ, ವರದಿಯನ್ನು ಸಭೆಯಲ್ಲಿ ದಾಖಲಿಸುವುದು.

2. ಅಪಾಯಕಾರಿಯೆಂದು ಕಂಡುದನ್ನು ತಕ್ಷಣ ಮುಚ್ಚಿ, ಫಲಕ ಹಾಕುವುದು.

3. ಖಾಸಗಿ ಕಟ್ಟಡವಾದರೆ ಮಾಲೀಕರಿಗೆ ಲಿಖಿತ ತಿಳಿವಳಿಕೆ ನೀಡುವುದು. ಸ್ಪಂದಿಸದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152ರಡಿ ಕ್ರಮಕ್ಕಾಗಿ ಉಪವಿಭಾಗ ದಂಡಾಧಿಕಾರಿಗಳಿಗೆ ವರದಿ ಸಲ್ಲಿಸುವುದು.

ವರದಿ ಬಂದ ಮೇಲೂ ಸುಮ್ಮನಿದ್ದರೆ ಆ ವರದಿಯೇ ನಮ್ಮ ವಿರುದ್ಧದ ಸಾಕ್ಷ್ಯವಾಗುತ್ತದೆ. ಪರಿಶೀಲನೆಯ ಜೊತೆಗೆ ದುರಸ್ತಿಯ ಅನುದಾನಕ್ಕೂ ಅದೇ ಸಭೆಯಲ್ಲಿ ನಿರ್ಣಯ ಕೈಗೊಳ್ಳಬೇಕೆಂದು ಕೋರುತ್ತೇನೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ